ಮಾಯಪ್ಪನ ಸಾಕ್ಷಿ

ಬಾಯಿ ಒರೆಸಲು ಹೋದ ಹೆಂಡತಿಯ ಬೆರಳನ್ನು ಮಾಯಪ್ಪ ಕಚ್ಚಿ ಹಿಡಿದ. ಒದ್ದೆ ಅರಿವೆ ಸುತ್ತಿದ್ದ ತೋರುಬೆರಳು ಹಲ್ಲುಗಳ ನಡುವೆ ಸಿಕ್ಕಿಕೊಂಡಿತು. ಸುಮನ ಮೊದಲು ಮೆಲ್ಲಗೆ ಎಳೆದಳು, ಆಮೇಲೆ ಜೋರಾಗಿ. ಎಳೆದಷ್ಟೂ ದವಡೆ ಬಿಗಿಯಿತು. ಅರಿವೆ ಕೆಂಪಗಾಗಿ ಅವನ ಗದ್ದದ ಮೇಲೆ ರಕ್ತ ಇಳಿಯಿತು. ಅವನ ಕಣ್ಣು ತೆರೆದೇ ಇದ್ದವು. ಅವು ಅವಳನ್ನೂ ನೋಡಲಿಲ್ಲ, ರಕ್ತವನ್ನೂ ನೋಡಲಿಲ್ಲ. ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಗೋಡೆಗೆ ಸುಮ್ಮನೆ ಅಲೆಯುತ್ತಿದ್ದವು. ಕಿರುಚಿದರೆ ದವಡೆ ಇನ್ನೂ ಬಿಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಉಸಿರು ಬಿಗಿಹಿಡಿದು, ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ ಹಾಗೆ ಅವನ ಕಿವಿಯ ಮುಂದಿನ ಕೀಲನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕುಳಿತಳು. ಎಷ್ಟೋ ಹೊತ್ತಿಗೆ ಹಲ್ಲು ಸಡಿಲಾಯಿತು.

"ಸಿಟ್ಟು ಬಂದೈತಿ ನನ್ನ ಮಗಗ," ಎಂದಳು ಅತ್ತೆ ಸಾವಂತ್ರವ್ವ. ಮುದುಕಿಯ ಮುಖ ಹಬ್ಬದ ದಿನದ ಹಾಗೆ ಅರಳಿತ್ತು. "ನೋಡ, ಮೊದಲೂ ಹಿಂಗ ಇದ್ದ. ಬಾಯಾಗ ಕೈ ಹಾಕಿದ್ರ ಸುಮ್ಮನ ಇರಾವಲ್ಲ."

"ಅತ್ತಿ, ಎಲುಬು ಕಾಣಾಕತ್ತೈತ್ರಿ ನಂದು."

"ಕಾಣ್ಲಿ ಬಿಡು, ಎಲುಬ ಕಂಡ್ರ ಸಾಯ್ತೀಯೇನ? ನನ್ನ ಮಗ ಏಳಾಕತ್ಯಾನ, ಅದನ್ನ ನೋಡು."

ಸುಮನ ಬೆರಳಿಗೆ ಅರಿಷಿಣ ಒತ್ತಿ ಕಟ್ಟಿಕೊಂಡಳು. ಅದು ಸಿಟ್ಟಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಮನೆಯಲ್ಲಿ ಈಗ ಎಲ್ಲರೂ ಉಸಿರಾಡುತ್ತಿದ್ದದ್ದೇ ಆ ಒಂದು ನಂಬಿಕೆಯ ಮೇಲೆ.

ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಎರಕದ ಕಾರಖಾನೆಯಲ್ಲಿ ಕಾಯ್ದ ಕಬ್ಬಿಣ ಹೊಯ್ಯುವ ಕೆಲಸ ಮಾಯಪ್ಪನದು. ಹೋದ ಮಳೆಗಾಲದ ಕೊನೆಗೆ, ಕೆಲಸ ಮುಗಿಸಿ ತನ್ನೂರು ಆರಗಕ್ಕೆ ಮರಳುವ ದಾರಿಯಲ್ಲಿ, ಮ್ಹೈಸಾಳದಿಂದ ನೀರೆತ್ತಿ ತರುವ ಕಾಲುವೆಯ ದಂಡೆಯಲ್ಲಿ ಸಿಕ್ಕಿದ್ದ. ಮೋಟಾರ್‌ಸೈಕಲ್ಲು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಕೀಲಿ ಅದರಲ್ಲೇ ಇತ್ತು. ಅವನ ತಲೆ ಮಾತ್ರ ಒಡೆದ ಮಡಕೆಯಂತಾಗಿತ್ತು. ಹಿಂದೆ ಒಂದು ಪೆಟ್ಟು, ಕಿವಿಯ ಮೇಲೆ ಒಂದು, ಬಿದ್ದ ಮೇಲೆ ಕಲ್ಲೆತ್ತಿ ಹಾಕಿದ್ದು ಇನ್ನೊಂದು. ಮಿದುಳಿನ ಬಿಳಿ ಹುಲ್ಲಿಗೆ ಹತ್ತಿತ್ತೆಂದು ನೋಡಿದವರು ಅಂದರು. ಸುಮನ ಅದನ್ನು ನೋಡಿರಲಿಲ್ಲ, ಆದರೆ ಹುಲ್ಲು ಕಂಡಲ್ಲೆಲ್ಲ ಅವಳಿಗೆ ಅದೇ ಕಾಣುತ್ತಿತ್ತು.

ಯಾರು ಹೊಡೆದರೆಂದು ಕೇಳಿದರೆ ಊರು ಒಂದೇ ಹೆಸರು ಹೇಳುತ್ತಿತ್ತು: ಅಮೋಘಸಿದ್ಧ. ಸುಮನಳ ಒಡಹುಟ್ಟಿದ ತಮ್ಮ. ಮಾಯಪ್ಪ ಮಗನಂತೆ ಸಾಕಿದ ಕಾಳಗದ ಟಗರನ್ನು ಅವನು ಕೇಳದೆ ಬಿಚ್ಚಿಕೊಂಡು ಹೋಗಿ, ಮ್ಹೈಸಾಳದ ಕಣದಲ್ಲಿ ಬಿಟ್ಟು, ಅದರ ಕತ್ತು ಮುರಿಸಿ ಬಂದಿದ್ದ. ಮಾಯಪ್ಪ ನಾಲ್ಕು ಜನರ ಮುಂದೆ ಅವನನ್ನು ಚಪ್ಪಲಿಯಿಂದ ಹೊಡೆದ. ಹೊಡೆಸಿಕೊಂಡವನು ಮೂಗಿನ ರಕ್ತ ಒರೆಸುತ್ತ, "ನಿನ್ನ ತಲಿ ಒಡೀಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿಲ್ಲ ದಾಜಿ," ಎಂದು ಭಾವನ ಮೇಲೆ ಕೂಗಿದ್ದ. ಅದಾಗಿ ವಾರ ತುಂಬುವುದರೊಳಗೆ ಭಾವನ ತಲೆ ಒಡೆದಿತ್ತು. ಪೋಲೀಸರು ಅಮೋಘಸಿದ್ಧನನ್ನು ಒಯ್ದು, ಕಾಲು ಬಾತುಹೋಗುವ ಹಾಗೆ ಬಡಿದು, ಸಾಕ್ಷಿ ಸಿಗಲಿಲ್ಲವೆಂದು ಬಿಟ್ಟುಬಿಟ್ಟರು.

"ಸಾಕ್ಷಿ ನಮ್ಮ ಮನ್ಯಾಗ ಐತಿ," ಎನ್ನುತ್ತಿದ್ದ ಮಾಯಪ್ಪನ ತಮ್ಮ ಗುರಲಿಂಗ. "ಅಣ್ಣ ಬಾಯಿ ಬಿಡ್ಲಿ, ಸಾಕು."

ಅಣ್ಣ ಬಾಯಿ ಬಿಡಲಿಲ್ಲ, ಕಣ್ಣು ಬಿಟ್ಟ. ಮಿರಜದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಹೆಣದಂತೆ ಬಿದ್ದಿದ್ದವನು ಒಂದು ಬೆಳಿಗ್ಗೆ ಕಣ್ಣು ತೆರೆದ. ಸಾವಂತ್ರವ್ವ ವಾರ್ಡಿನ ತುಂಬ ಸಕ್ಕರೆ ಹಂಚಿದಳು. ಆಮೇಲೆ ಅವನು ಆಕಳಿಸಿದ, ಹಲ್ಲು ಕಡಿದ, ಕೈಗೆ ಸಿಕ್ಕದ್ದನ್ನು ಬಿಗಿಯಾಗಿ ಹಿಡಿದ. ಮಾತೊಂದು ಬರಲಿಲ್ಲ. ಗಂಟಲಿಗೆ ತೂತು, ಮೂಗಿಗೆ ನಳಿಗೆ ಹಾಕಿಕೊಂಡೇ ಮನೆಗೆ ಬಂದ. ಮಗಳು ಸಾಯಲಿಯನ್ನು ಸಾಂಗಲಿಯ ಚಿಕ್ಕವ್ವನ ಮನೆಯಲ್ಲಿಟ್ಟು, ಸುಮನ ಅವನ ಕಫ ತೆಗೆಯುವುದು, ಗಂಜಿ ಹೊಯ್ಯುವುದು, ಮಗ್ಗಲು ಬದಲಿಸುವುದು, ಇಷ್ಟರಲ್ಲೇ ಹಗಲು ರಾತ್ರಿ ಕಳೆದಳು.

ಗಂಟಲಿನ ಕೊಳವೆ ಬದಲಿಸಲು ಮತ್ತೆ ಮಿರಜಕ್ಕೆ ಹೋದ ದಿನ ಅವಳೇ ಡಾಕ್ಟರಿಣಿಯನ್ನು ತಡೆದು ಕೇಳಿದಳು. ಡಾಕ್ಟರ್ ಅನುಜಾ ಸಾಂಗಲಿಯ ಜೈನರ ಹುಡುಗಿ. "ನನ್ನ ಕನ್ನಡ ಅಂದ್ರ ಅಜ್ಜಿಯಿಂದ ಕಲತ ಕನ್ನಡ, ತಪ್ಪಿದ್ರ ನಗಬ್ಯಾಡ್ರಿ," ಎಂದು ಮೊದಲೇ ಹೇಳಿಕೊಂಡಳು. ಆಮೇಲೆ ಮಾಯಪ್ಪನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು. ಅವನ ಮೈ ಬೆಚ್ಚಿತು. ಉಗುರಿನ ಮೇಲೆ ಪೆನ್ನಿಟ್ಟು ಬಲವಾಗಿ ಒತ್ತಿದಳು. ತೋಳು ಸೆಟೆದುಕೊಂಡು, ಮುಖ ಕಿವುಚಿ, ಗಂಟಲಿನ ತೂತಿನಿಂದ ಗೊರ್ ಎಂಬ ಸದ್ದು ಬಂತು. ಸುಮನಳಿಗೆ ಆ ಪೆನ್ನು ಕಸಿದು ಡಾಕ್ಟರಿಣಿಯ ಕಣ್ಣಿಗೇ ಚುಚ್ಚಬೇಕೆನಿಸಿತು. 'ಕಣ್ಣು ಮುಚ್ಚಿ' ಎಂದಾಗ ಅವನು ಮುಚ್ಚಲಿಲ್ಲ. ಮುಖದ ಮುಂದೆ ಕನ್ನಡಿ ಹಿಡಿದು ಅತ್ತಿತ್ತ ಸರಿಸಿದಾಗ ಕಣ್ಣು ಅದರ ಹಿಂದೆ ಹೋಗಲಿಲ್ಲ.

"ನೋಡ್ರಿ ತಾಯಿ, ಕೋಮಾ ಮ್ಹಣಜೆ, ಅಂದ್ರ, ಕಣ್ಣ ತೆರ್ಯಾಂಗಿಲ್ಲ. ಇವರು ಕೋಮಾದಿಂದ ಹೊರಗ ಬಂದಾರ. ಮಿದುಳಿನ ಬುಡ ಉಳದೈತಿ. ಉಸಿರು, ನಿದ್ದಿ, ಏಳೂದು, ಬೆಚ್ಚೂದು ಎಲ್ಲಾ ಅದ ನಡಸತೈತಿ. ಆದ್ರ ಇಂವ ನನ್ನ ತಮ್ಮ, ಇದು ನನ್ನ ಕೈ, ನಾನು ಅನ್ನಾವ ಒಬ್ಬ ಇದ್ದೀನಿ, ಇದೆಲ್ಲಾ ತಿಳಿಯೂ ಭಾಗ ಹಾಳಾಗೈತಿ. ಎಚ್ಚರ ಐತಿ, ಅರಿವು ಕಾಣವಲ್ದು."

"ಅದಕ್ಕೇನಂತಾರ?" ಜೊತೆಗೆ ಬಂದಿದ್ದ ಗುರಲಿಂಗ ಕೇಳಿದ.

"ಪರ್ಸಿಸ್ಟಂಟ್ ವೆಜಿಟೇಟಿವ್ ಸ್ಟೇಟ್."

ಎಂಐಡಿಸಿಯಲ್ಲಿ ಗುರಲಿಂಗನೂ ನಾಲ್ಕು ಇಂಗ್ಲಿಷ್ ಶಬ್ದ ಕಲಿತಿದ್ದ. "ವೆಜಿಟೇಬಲ್ಲು? ನಮ್ಮಣ್ಣ ಏನ್ ಬದನಿಕಾಯಿ ಏನ್ರಿ?" ಎಂದು ಪಕ್ಕದ ಸ್ಟೂಲಿಗೆ ಝಾಡಿಸಿ ಒದ್ದ. ಅದು ಗೋಡೆಗೆ ಬಡಿದು ಉರುಳಿತು.

ಡಾಕ್ಟರಿಣಿ ಒಂದು ಹೆಜ್ಜೆ ಹಿಂದೆ ಸರಿದಳು, ಹೊರಗೆ ಹೋಗಲಿಲ್ಲ. "ಆ ಹೆಸರು ನನಗೂ ಬರೋಬರಿ ಅನಸಂಗಿಲ್ಲ. ಸಿಟ್ಟು ಮಾಡ್ರಿ, ಸ್ಟೂಲ್ ಮುರೀಬ್ಯಾಡ್ರಿ. ಮತ್ತೊಬ್ಬ ಪೇಶಂಟಗ ಬೇಕು."

"ನನ್ನ ಕೈ ಹಿಡೀತಾರಲ್ರೀ ಡಾಕ್ಟರಬಾಯಿ," ಎಂದಳು ಸುಮನ. "ಬಿಡ ಅಂದ್ರ ಬಿಡಾಂಗಿಲ್ಲ."

ಡಾಕ್ಟರಿಣಿ ತನ್ನ ಜೇಬಿನ ಟಾರ್ಚನ್ನು ಅವನ ಅಂಗೈಗೆ ತಾಗಿಸಿದಳು. ಬೆರಳು ಅದನ್ನೂ ಹಾಗೇ, ಅಷ್ಟೇ ಬಿಗಿಯಾಗಿ ಹಿಡಿದವು. ಎಳೆದರೆ ಇನ್ನೂ ಬಿಗಿ. ಕೊನೆಗೆ ಅವಳು ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದಾಗ ಬೆರಳು ತಾವೇ ಸಡಿಲಾದವು. "ಹುಟ್ಟಿದ ಕೂಸೂ ಹಿಂಗ ಹಿಡೀತೈತಿ. ಯಾರ ಕೈ ಅಂತ ಅದಕ್ಕ ಗೊತ್ತಿರಾಂಗಿಲ್ಲ. ಮುಂದ ಅರಿವು ಬರಾಂಗಿಲ್ಲಂತ ನಾ ಆಣಿ ಮಾಡಿ ಹೇಳಾಂಗಿಲ್ಲ, ತಲಿಗೆ ಪೆಟ್ಟು ಬಿದ್ದೋರಿಗೆ ತಡಾ ಆಗಿ ಬಂದದ್ದೂ ಐತಿ. ಕಣ್ಣು ಕನ್ನಡಿ ಹಿಂದ ಹೋದ ದಿವಸ ನನಗ ಫೋನ್ ಮಾಡ್ರಿ."

ಊರಿಗೆ ಬಂದ ಮೇಲೆ, ಅತ್ತೆ ಕುರಿಹಟ್ಟಿಗೆ ಹೋದಾಗಲೆಲ್ಲ ಸುಮನ ಕನ್ನಡಿ ಹಿಡಿದಳು. ಕಣ್ಣು ಬರಲಿಲ್ಲ. ಅಂಗೈಗೆ ಸೌಟು ಇಟ್ಟಳು, ಕುರಿ ಕಟ್ಟುವ ಹಗ್ಗ ಇಟ್ಟಳು. ಎಲ್ಲವನ್ನೂ ಅವನು ಹೆಂಡತಿಯ ಕೈ ಹಿಡಿದಷ್ಟೇ ಪ್ರೀತಿಯಿಂದ ಹಿಡಿದ. ಅವಳು ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡು ಬಂದು ಗಂಜಿ ಕಾಯಿಸಿದಳು. ಸಾವಂತ್ರವ್ವ ಮಾತ್ರ ದಿನಾ ಸಂಜೆ ಮಗನ ಅಂಗೈಯಲ್ಲಿ ಕೈಯಿಟ್ಟು, ಹಟ್ಟಿಯ ಸುದ್ದಿಯೆಲ್ಲ ಹೇಳಿ, ಅವನು ಗಟ್ಟಿಯಾಗಿ ಹಿಡಿದನೆಂದು ಹಿಗ್ಗಿ ಏಳುತ್ತಿದ್ದಳು. ಆ ಮುದುಕಿಗೆ ಹೇಳಲು ಸುಮನಳಿಗೆ ನಾಲಿಗೆ ಬರಲಿಲ್ಲ. ಅದೇ ತಪ್ಪಾಯಿತು. ಅಮಾಸಿಯ ಹಿಂದಿನ ದಿನ ಗುರಲಿಂಗ ಹೊಸ್ತಿಲಲ್ಲಿ ನಿಂತು ಹೇಳಿದ:

"ನಾಳಿಗೆ ಅಮೋಘ್ಯಾ ಬೇಲಭಂಡಾರ ಎತ್ತತಾನ. ಅಣ್ಣನ ಕೈಯಾಗ."

ಅವರ ಮನೆತನದಲ್ಲಿ ಜಗಳ ಕೋರ್ಟಿಗೆ ಹೋಗುವ ಮೊದಲು ಬೀರಪ್ಪನ ಮುಂದೆ ಹೋಗುತ್ತದೆ. ಆಪಾದನೆ ಹೊತ್ತವನು ಮೈ ತೊಳೆದುಕೊಂಡು, ಒದ್ದೆ ಅರಿವೆಯಲ್ಲಿ, ಬಿಲ್ವದ ಪತ್ರಿಯ ಮೇಲೆ ದೇವರ ಭಂಡಾರದ ಅರಿಷಿಣವಿಟ್ಟು, ಬೇಲಭಂಡಾರ ಎತ್ತಿ, ಆಣೆ ಮಾಡಬೇಕು. ನೊಂದವನು ಜೀವಂತವಿದ್ದರೆ ಆ ಅರಿಷಿಣವನ್ನು ಅವನ ಅಂಗೈಗೇ ಹಾಕಬೇಕು. ಆಣೆ ಒಪ್ಪಿದರೆ ಅವನು ಅದನ್ನು ಹಣೆಗೆ ಹಚ್ಚಿಕೊಳ್ಳುತ್ತಾನೆ, ಒಪ್ಪದಿದ್ದರೆ ಆಣೆ ಮಾಡಿದವನ ಕೈ ಹಿಡಿಯುತ್ತಾನೆ. ಕೈ ಹಿಡಿದರೆ ತೀರಿತು.

ಸುಮನ ತಮ್ಮನಿಗೆ ಫೋನು ಹಚ್ಚಿದಳು. "ಬರಬ್ಯಾಡ ಅಮೋಘಾ. ಅವ್ರು ಯಾರ ಕೈ ಇಟ್ರೂ ಹಿಡೀತಾರ. ಅವ್ರಿಗೆ ಏನೂ ಗೊತ್ತಾಗಾಂಗಿಲ್ಲ."

"ಬರದಿದ್ರ ನಾನ ಹೊಡದಂಗ ಆತಲ್ಲ ಅಕ್ಕಾ. ಹಾದಿ ಮ್ಯಾಲ ಹೊರಟ್ರ ಹುಡುಗ್ರು ಸುದ್ದಾ ತಲಿಒಡಕ ಅಂತಾರ. ಬರ್ತೀನಿ. ದೇವ್ರು ಅದಾನ."

ಅತ್ತೆಗೆ ಅವಳು ಡಾಕ್ಟರಿಣಿಯ ಮಾತು ಹೇಳಿದಳು, ಮೈದುನನಿಗೆ ನೆನಪಿಸಿದಳು. ಗುರಲಿಂಗ ನಕ್ಕ. "ತಮ್ಮನ ಮ್ಯಾಲ ಬಂದ ಕೂಡ್ಲೆ ವೈನಿ ಡಾಕ್ಟರ್ ಆದ್ಳು ನೋಡವಾ!" ಸಾವಂತ್ರವ್ವ ನೆಲಕ್ಕೆ ಉಗಿದಳು.

ಅಮಾಸಿಯ ಬೆಳಿಗ್ಗೆ ಮಂಚವನ್ನು ಪಡಸಾಲೆಗೆ ತಂದರು. ಅಂಗಳದ ತುಂಬ ಭಾವಂದಿರು, ಕಾಕಾಗಳು, ಕುರಿಹಟ್ಟಿಯವರು. ಪೂಜಾರಿ ಸಿದ್ಧೇಶ್ವರ ಕಾಕಾ ಕಂಬಳಿ ಹೊದ್ದು, ಹಿತ್ತಾಳೆಯ ಭಂಡಾರದ ಡಬ್ಬಿ ಹಿಡಿದು ಕುಳಿತಿದ್ದ. ಅಮೋಘಸಿದ್ಧ ನಳದ ಕೆಳಗೆ ಮೈ ತೊಳೆದುಕೊಂಡು ಬಂದ. ಪೋಲೀಸರ ಪೆಟ್ಟಿನಿಂದ ಎಡಗಾಲು ಇನ್ನೂ ಕುಂಟುತ್ತಿತ್ತು.

"ಬೀರಪ್ಪನಾಣಿ, ದಾಜಿ," ಎಂದ. ಹಲ್ಲು ಕಟಕಟಿಸುತ್ತಿದ್ದವು. "ನಾ ನಿನ್ನ ಹೊಡದಿಲ್ಲ. ಹೊಡದಿದ್ರ ನನ್ನ ವಂಶ ಅಳದು ಹೋಗ್ಲಿ."

ಎಲೆಯನ್ನೂ ಭಂಡಾರವನ್ನೂ ಮಾಯಪ್ಪನ ಬಲ ಅಂಗೈಯಲ್ಲಿಟ್ಟ. ಬೆರಳು ಮುಚ್ಚಿಕೊಂಡವು. ಎಲೆಯ ಮೇಲಲ್ಲ, ಅಮೋಘಸಿದ್ಧನ ಕೈಯ ಮೇಲೆ.

ಅಮೋಘಸಿದ್ಧ ಕೈ ಎಳೆದ. ಬರಲಿಲ್ಲ. ಹೆದರಿ ಜಗ್ಗಿದ. ಮಂಚ ಕಿರ್ರೆಂದು ಮುಂದೆ ಸರಿಯಿತು, ಹಿಡಿತ ಬಿಗಿಯಿತು, ಮಾಯಪ್ಪನ ತಲೆ ಅವನ ಕಡೆಗೆ ಹೊರಳಿತು, ಗಂಟಲಿನ ತೂತು ಗೊರಗುಟ್ಟಿತು, ಕಣ್ಣಿನ ಕೊನೆಯಿಂದ ನೀರು ಇಳಿಯಿತು.

"ಹಿಡದಾನ!" ಸಾವಂತ್ರವ್ವ ಎದೆ ಬಡಿದುಕೊಂಡು ಎದ್ದಳು. "ನನ್ನ ಮಗ ಹಿಡದಾನ! ಇವನ ಹೊಡದಾವ!"

ಗುರಲಿಂಗನ ಬಡಿಗೆ ಮೊದಲು ಮೊಣಕೈಗೆ ಬಿತ್ತು. ಹಸಿ ಟೊಂಗೆ ಮುರಿದಂಥ ಸದ್ದು. ಎರಡನೆಯದು ಬೆನ್ನಿಗೆ. ಅಮೋಘಸಿದ್ಧ ಓಡಬೇಕೆಂದರೆ ಭಾವ ಬಿಡಲೊಲ್ಲ. ಮುರಿದ ಕೈಯನ್ನೇ ಹಿಡಿದುಕೊಂಡಿದ್ದ. ಅವನು ಮಂಚದ ಸುತ್ತ ಗೂಟಕ್ಕೆ ಕಟ್ಟಿದ ಪ್ರಾಣಿಯಂತೆ ತಿರುಗುತ್ತ ಚೀರಿದ. ಯಾರೋ ಹೊಟ್ಟೆಗೆ ಒದ್ದರು, ಇನ್ಯಾರೋ ಕೂದಲು ಹಿಡಿದು ಮುಖವನ್ನು ಮಂಚದ ಕಬ್ಬಿಣಕ್ಕೆ ಬಡಿದರು. ಹಲ್ಲೊಂದು ರಕ್ತದೊಡನೆ ಮಾಯಪ್ಪನ ಹೊದಿಕೆಯ ಮೇಲೆ ಬಿತ್ತು. ಭಂಡಾರದ ಡಬ್ಬಿ ಉರುಳಿ, ಹಳದಿ ಧೂಳು ಎಲ್ಲರ ಮೈಗೂ ಹಾರಿತು.

"ಕೊಯ್ತಾ ತರ್ರಿ! ತಲಿ ಒಡದಾವನ ತಲಿ ಇರಬಾರ್ದು!"

ಕಬ್ಬು ಕಡಿಯುವ ಕೊಯ್ತಾ ಗುರಲಿಂಗನ ಕೈಗೆ ಬಂತು. ಸುಮನ ಆಗ ಎಲ್ಲಿದ್ದಳು, ಹೇಗೆ ನುಗ್ಗಿದಳು ಎಂದು ಆಮೇಲೆ ಅವಳಿಗೂ ಹೇಳಲಾಗಲಿಲ್ಲ. ತಮ್ಮನ ಮೇಲೆ ಬಿದ್ದು, ಗಂಡನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಒಳಕ್ಕೆ ಬಗ್ಗಿಸಿದಳು. ಬೆರಳು ಬಿಚ್ಚಿದವು. ಅಮೋಘಸಿದ್ಧ ಮೂಟೆಯಂತೆ ನೆಲಕ್ಕೆ ಕುಸಿದ.

"ಸರಿ ವೈನಿ. ನಿನ್ನೂ ಕಡೀತೀನಿ."

"ಕಡೀವಂತಿ, ಮೊದಲ ಕೈ ಕೊಡು." ಅವಳು ಅವನ ಖಾಲಿ ಎಡಗೈಯನ್ನು ಕಸಿದು, ಮಾಯಪ್ಪನ ಅಂಗೈಗೆ ತುರುಕಿದಳು. ಬೆರಳು ಮುಚ್ಚಿಕೊಂಡವು. ಗುರಲಿಂಗ ಬೆಚ್ಚಿ ಎಳೆದ. ಬರಲಿಲ್ಲ. ಮಂಚ ಮತ್ತೆ ಕಿರ್ರೆಂದಿತು.

ಆಗ ಅವಳು ನೆಲಕ್ಕೆ ಬಿದ್ದಿದ್ದ ಡಬ್ಬಿಯ ಮುಚ್ಚಳ ಎತ್ತಿಕೊಂಡಳು. ಮಿರಜದ ಆ ಪೆನ್ನು ಅವಳ ಕಣ್ಣ ಮುಂದೆ ಬಂತು. ಈ ಕೆಲಸ ಮಾಡಿದವಳನ್ನು ಅವಳು ಎಷ್ಟು ಶಪಿಸಿದ್ದಳು! ಗಂಡನ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಹಿತ್ತಾಳೆಯ ಅಂಚನ್ನಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದಳು. ಉಗುರು ಕಪ್ಪಿಟ್ಟಿತು. ಮಾಯಪ್ಪನ ಮೈ ಬಿಲ್ಲಿನಂತೆ ಸೆಟೆಯಿತು, ಮುಖ ಕಿವುಚಿತು, ಗಂಟಲು ಗೊರಗುಟ್ಟಿತು, ಕಣ್ಣಿನಿಂದ ನೀರು ಬಂತು.

"ನೋಡ್ರಿ! ಎಲ್ಲಾರೂ ನೋಡ್ರಿ! ಈಗ ಗುರಲಿಂಗನ್ನ ಹಿಡದಾರ. ಗುರಲಿಂಗನ ಕಡೆ ನೋಡಿ ಅಳಾಕತ್ತಾರ. ಕಾಕಾ, ಹೇಳ್ರಿ ನ್ಯಾಯ! ಅಣ್ಣನ ತಲಿ ಗುರಲಿಂಗ ಒಡದಾನೇನ್ರಿ?"

ಸಿದ್ಧೇಶ್ವರ ಕಾಕಾ ಚೆಲ್ಲಿದ ಭಂಡಾರವನ್ನು ಅಂಗೈಯಿಂದ ಬಳಿದುಕೊಳ್ಳತೊಡಗಿದ.

"ರಂಡಿ, ಗಂಡಗ ಚಿತ್ರಹಿಂಸಾ ಕೊಡ್ತೀಯೇನ!" ಗುರಲಿಂಗ ಕೊಯ್ತಾದ ಹಿಡಿಯಿಂದ ಅವಳ ಹುಬ್ಬಿಗೆ ಹೊಡೆದ. ಕಣ್ಣಿಗೆ ರಕ್ತ ಇಳಿಯಿತು. ಅವಳು ಮುಚ್ಚಳ ಬಿಡಲಿಲ್ಲ.

"ಹೊಡಿ. ಆದ್ರ ಮೊದಲ ನಿನ್ನ ಕೈ ಬಿಡಿಸ್ಕೋ. ನಿಮ್ಮಣ್ಣಗ ಹೇಳು ಬಿಡಂತ."

ಗುರಲಿಂಗ ಎಳೆದ. ಕಾಲನ್ನು ಮಂಚಕ್ಕೆ ಒತ್ತಿ ಎಳೆದ. ಅಣ್ಣನ ಮುಖ ಅವನ ಮುಖದಿಂದ ಗೇಣು ದೂರದಲ್ಲಿತ್ತು, ಕಣ್ಣು ತೆರೆದೇ ಇದ್ದವು. "ಅಣ್ಣಾ, ಬಿಡು," ಎಂದ. ಅಂಗಳದವರು ಕೇಳುತ್ತಿದ್ದಾರೆಂಬುದು ಅವನಿಗೆ ಮರೆತುಹೋಗಿತ್ತು. "ಅಣ್ಣಾ, ನಾ. ಗುರಲಿಂಗ. ಬಿಡೋ. ನನ್ನ ನೋಡರ ನೋಡೋ ಅಣ್ಣಾ!"

ಮಾಯಪ್ಪನ ಕಣ್ಣು ಅವನ ಕಿವಿಯ ಮೇಲಿಂದ ಹಾದು ಛಾವಣಿಯ ಪತ್ರಾಸ್ ತಗಡಿಗೆ ಹೋದವು, ಅಲ್ಲಿಂದ ಇನ್ನೆಲ್ಲಿಗೋ.

ಕೊಯ್ತಾ ನೆಲಕ್ಕೆ ಬಿತ್ತು. ಗುರಲಿಂಗ ಅಣ್ಣನ ಎದೆಯ ಮೇಲೆ ತಲೆಯಿಟ್ಟು ಕುರಿಯ ಹಾಗೆ ಬಾಯಿ ಬಿಟ್ಟು ಅತ್ತ. ಸುಮನ ಮಣಿಕಟ್ಟು ಬಗ್ಗಿಸಿ ಅವನ ಕೈ ಬಿಡಿಸಿಕೊಟ್ಟಳು.

ಜನ ಕಣ್ಣು ತಪ್ಪಿಸಿಕೊಂಡು ಕರಗಿದರು. ಸಿದ್ಧೇಶ್ವರ ಕಾಕಾನೇ ಒಂದು ಜೀಪು ತರಿಸಿ ಅಮೋಘಸಿದ್ಧನನ್ನು ಮಿರಜಕ್ಕೆ ಸಾಗಿಸಲು ನಿಂತ. ಜೀಪಿಗೆ ಎತ್ತುವಾಗ ಅವನು ಅಕ್ಕನ ಸೆರಗು ಹಿಡಿದ. ಬಾಯಲ್ಲಿ ರಕ್ತ ತುಂಬಿ ಮಾತು ತೊದಲುತ್ತಿತ್ತು. "ಅಕ್ಕಾ, ನೀನರ ನಂಬತೀಯಲ್ಲ? ನಾ ಹೊಡದಿಲ್ಲಂತ?"

ಸುಮನ ಅವನನ್ನು ನೋಡಿದಳು. ಹೊಡೆದವನನ್ನು ಬಿಟ್ಟರೆ ಕಾಲುವೆಯ ದಂಡೆಯಲ್ಲಿ ಏನಾಯಿತೆಂದು ಕಂಡವನು ಮಾಯಪ್ಪ ಒಬ್ಬನೇ, ಅವನು ಹೇಳಲಾರ.

"ನನಗ ಗೊತ್ತಿಲ್ಲ," ಎಂದಳು. "ಅವ್ರಿಗೂ ಗೊತ್ತಿಲ್ಲ. ಅಷ್ಟ ಗೊತ್ತು ನನಗ."

ಅವನು ಸೆರಗು ಬಿಟ್ಟ. ಜೀಪು ಹೋಯಿತು.

ಒಳಗೆ ಸಾವಂತ್ರವ್ವ ಮಂಚದ ಕಾಲಬುಡದಲ್ಲಿ ನಿಂತಿದ್ದಳು. ಸೊಸೆ ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದಂತಿತ್ತು. "ಮತ್ತ ನನ್ನ ಕೈ?" ಎಂದು ಕೇಳಿದಳು. "ದಿನಾ ನನ್ನ ಕೈ ಹಿಡೀತಾನಲ್ಲ, ಅದು?"

ಒಂದು ಸುಳ್ಳು ಸಾಕಾಗುತ್ತಿತ್ತು. ಆದರೆ ಇಂದು ಉಳಿದ ಜೀವ ನಾಳೆ ಮತ್ತೆ ಅದೇ ಸುಳ್ಳಿನ ಕೊಯ್ತಾಕ್ಕೆ ಹೋಗುತ್ತದೆ.

"ನಿಮ್ಮ ಕೈನೂ ಅತ್ತಿ. ನನ್ನ ಕೈನೂ. ಅವ್ರಿಗೆ ಎಲ್ಲಾ ಒಂದ."

ಸಾವಂತ್ರವ್ವ ಅವಳ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಹುಬ್ಬಿನ ಗಾಯ ಬಿರಿದು ಮುದುಕಿಯ ಅಂಗೈ ಕೆಂಪಾಯಿತು, ಆದರೂ ಹೊಡೆದಳು. ಬೈಗುಳ ತೀರಿ, ಉಸಿರು ತೀರಿ, ಬರೀ ಕೈಯೊಂದೇ ಏಳುತ್ತ ಬೀಳುತ್ತ ಇತ್ತು. ಸುಮನ ತಡೆಯಲಿಲ್ಲ, ಸರಿಯಲೂ ಇಲ್ಲ.

ಮಂಚದ ಮೇಲೆ ಮಾಯಪ್ಪನ ಮುಖ ನೀಲಿಯಾಗತೊಡಗಿತ್ತು. ಹಾರಿದ ಭಂಡಾರ ಗಂಟಲಿನ ತೂತಿಗೂ ಹೋಗಿತ್ತು. ಹಳದಿ ನೊರೆ ಉಕ್ಕಿ ಉಸಿರು ಕಟ್ಟುತ್ತಿತ್ತು. ಸುಮನ ಅತ್ತೆಯ ಕೈ ತಳ್ಳಿ ಓಡಿದಳು. ಕಫ ಎಳೆಯುವ ಮಶೀನಿನ ಗುಂಡಿ ಒತ್ತಿ, ಅದರ ನಳಿಗೆ ಬಿಚ್ಚಿ, "ಅತ್ತಿ, ತಲಿ ಹಿಡೀರಿ, ಗಟ್ಯಾಗಿ ಹಿಡೀರಿ!" ಎಂದು ಕೂಗಿದಳು.

ಮುದುಕಿ ನಿಂತೇ ಇದ್ದಳು. ಆಮೇಲೆ ಬಂದು, ಸೊಸೆಯ ರಕ್ತ ಹತ್ತಿದ ಕೈಯಿಂದಲೇ ಮಗನ ತಲೆಯನ್ನು ಎರಡೂ ಕಡೆಯಿಂದ ಹಿಡಿದಳು. ನಳಿಗೆ ಒಳಗೆ ಇಳಿದಂತೆ ಅವನ ಮೈ ಒದ್ದಾಡಿತು, ಮುಖ ಕಿವುಚಿತು.

"ನೋಯ್ತೈತೇನ ಅವಂಗ?"

"ಗೊತ್ತಿಲ್ರಿ ಅತ್ತಿ."

ಸಾವಂತ್ರವ್ವ ಮಗನ ತೆರೆದ ಕಣ್ಣುಗಳನ್ನೇ ನೋಡಿದಳು.

"ಮೆಲ್ಲಕ ಮಾಡು," ಎಂದಳು.